ಒಂದನೇ ಮನೆಯ ಮೇಲಿನ ಪಾಯ

ನಮ್ಮ ಸಭೆಯ ಠರಾವು ಪುಸ್ತಕದಲ್ಲಿ ಕೆಂಪು ಮಸಿಯ ಅಡಿಗೆರೆ ಇರುವುದು ಮೂರೇ ಸಂಗತಿಗಳಿಗೆ: ಗುಡಿಯ ಗೋಪುರಕ್ಕೆ ಸಿಡಿಲು ಬಡಿದದ್ದು, ಮೊದಲ ಪಾದ್ರಿ ತೀರಿಕೊಂಡದ್ದು, ಮತ್ತು ಕರಿಬೇವಿನ ಗಿಡ. ಮೂರನೆಯದನ್ನು ಬರೆದವನು ನಾನು, ಅಡಿಗೆರೆ ಎಳೆದವನೂ ನಾನೇ. ನಗುವವರು ನಗಲಿ. ಮೂರು ರವಿವಾರ, ಆರಾಧನೆ ಮುಗಿದ ಮೇಲೆ, ಒಂಬತ್ತು ಮಂದಿ ಹಿರಿಯರು ಹಸಿದ ಹೊಟ್ಟೆಯಲ್ಲಿ ಕೂತು ಇತ್ಯರ್ಥ ಮಾಡಿದ ವಿಷಯ ಅದು. ಸಿಡಿಲಿಗಾಗಿ ಅವರು ಕೂತದ್ದು ಒಂದೇ ಸಲ.

ನಮ್ಮದು ಒಂದೇ ಓಣಿಯ ಸಭೆ. ಕಲ್ಲುಗುಡ್ಡದ ಬುಡದಿಂದ ಕೆಳಗಿನ ರಸ್ತೆಯವರೆಗೆ ಇಳಿಜಾರಿನಲ್ಲಿ ಹದಿನಾಲ್ಕು ಮನೆ, ಒಂದರ ಕೆಳಗೊಂದು. ಇಲ್ಲಿ ಒಂದು ಮನೆಯಲ್ಲಿ ಬೇಡಿಕೊಂಡದ್ದು ಅದರ ಕೆಳಗಿನ ಮನೆಯಲ್ಲಿ ನಡೆಯುತ್ತದೆ. ಐದನೇ ಮನೆಯವರು ಮಗನ ನೌಕರಿಗಾಗಿ ಬೇಡಿದರೆ ಆರನೇ ಮನೆಯ ಮಗನಿಗೆ ಹುಕುಂ ಬರುತ್ತದೆ. ಹೆಸರು ಹಿಡಿದು ಬೇಡಿದರೂ ಅಷ್ಟೇ, ಉಪವಾಸ ಬಿದ್ದು ಬೇಡಿದರೂ ಅಷ್ಟೇ. ಯಾರು ಯಾವ ಒಲೆಯ ಅನ್ನ ಉಣ್ಣುತ್ತಾರೋ ಅವರು ಆ ಮನೆಯವರು. ಬೇರೆ ಮನೆಯ ಪಡಸಾಲೆಗೆ ಹೋಗಿ ಮೊಣಕಾಲೂರಿದರೆ ಮೊಣಕಾಲು ನೋಯುವುದಷ್ಟೇ. ಗುಡಿಯಲ್ಲಿ ಎಲ್ಲರೂ ಕೂಡಿ ಮಾಡುವ ಪ್ರಾರ್ಥನೆ ಎಲ್ಲಿಗೆ ಹೋಗುತ್ತದೆಂಬುದಕ್ಕೆ ಇದುವರೆಗೆ ದಾಖಲೆ ಸಿಕ್ಕಿಲ್ಲ.

ಜನ ಇದಕ್ಕೆ ಒಗ್ಗಿಕೊಂಡಿದ್ದಾರೆ. ಕೆಳಗಿನ ಮನೆಯವರು ಮೇಲಿನ ಮನೆಯವರ ಜೊತೆ ದನಿ ತಗ್ಗಿಸಿ ಮಾತಾಡುತ್ತಾರೆ. ಕ್ರಿಸ್ಮಸ್ಸಿಗೆ ಕರಿದ ಮೊದಲ ಕರ್ಚಿಕಾಯಿ ಮೇಲಿನ ಮನೆಗೆ ಹೋಗುತ್ತದೆ. ಹೆಣ್ಣು ಕೊಡುವವರು ಹುಡುಗನನ್ನು ನೋಡುವ ಮೊದಲು ಅವನ ಮೇಲಿನ ಮನೆಯವರನ್ನು ಮಾತಾಡಿಸಿ ಬರುತ್ತಾರೆ. ಹದಿನಾಲ್ಕನೆಯದು ಪಾದ್ರಿಮನೆ, ಅದರ ಕೆಳಗೆ, ರಸ್ತೆಯಾಚೆ, ಮೀರಾಸಾಬನ ಚಹಾದಂಗಡಿ. ನಮ್ಮ ಪಾದ್ರಿ ಯೆಶಾಯ ಅಯ್ಯನವರು ಬಂದು ಏಳು ವರ್ಷವಾಯಿತು. ಅಷ್ಟರಲ್ಲಿ ಸಭೆ ಒಬ್ಬರಿಂದಲೂ ಬೆಳೆದಿಲ್ಲ, ಅಂಗಡಿಗೆ ಮಾತ್ರ ಎರಡು ಬೆಂಚು ಹೆಚ್ಚಾಗಿವೆ. ಮೀರಾಸಾಬ ಕೃತಜ್ಞತೆ ಇರುವ ಮನುಷ್ಯ. ಪ್ರತಿ ಸಂಜೆ ಒಂದು ತಟ್ಟೆ ಭಜಿ ಹಿಡಿದು ತಾನೇ ಬಂದು ಕೇಳುತ್ತಾನೆ: "ಅಯ್ಯನವರ, ಈ ವಾರ ಗುಡಿ ತುಂಬಲಿ ಅಂತ ಬೇಡಿದ್ರೇನ್ರಿ? ಕುಂದರಾಕ ಜಾಗಾ ಇಲ್ಲ ನನ್ನ ಅಂಗಡ್ಯಾಗ."

ನಾನು ಮೂರನೇ ಮನೆಯ ಎಫ್ರಾಯಿಮ ಮಾಸ್ತರ. ಯಾವ ನಕಾಶೆಯಲ್ಲೂ ಇಲ್ಲದ ಈ ಊರಿನಲ್ಲಿ ಮೂವತ್ತಾರು ವರ್ಷ ಭೂಗೋಳ ಕಲಿಸಿ ನಿವೃತ್ತನಾದೆ. ಒಬ್ಬನೇ ಇದ್ದೇನೆ, ಒಂದು ಬೆಕ್ಕಿದೆ. ಸಭೆಯ ಠರಾವುಗಳನ್ನು ಬರೆಯುವ ಕೆಲಸ ನನ್ನದು, ಏಕೆಂದರೆ ನನ್ನ ಅಕ್ಷರ ದುಂಡಗಿದೆ ಮತ್ತು ನನಗೆ ಯಾವ ಅಭಿಪ್ರಾಯವೂ ಇಲ್ಲವೆಂದು ಎಲ್ಲರೂ ನಂಬಿದ್ದಾರೆ. ಪ್ರಾರ್ಥನೆ ಬಿಟ್ಟು ನನಗೆ ಬಹಳ ವರ್ಷಗಳಾಗಿದ್ದವು. ಜಗಳವಾಡಿ ಬಿಟ್ಟದ್ದಲ್ಲ, ಓದಿದೆ, ಯೋಚಿಸಿದೆ, ಒಂದು ದಿನ ಮೊಣಕಾಲೂರಲು ಮರೆತೆ, ಮರುದಿನ ನೆನಪಾದರೂ ಊರಲಿಲ್ಲ. ಅದರ ಫಲವನ್ನು ಉಂಡವಳು ನಾಲ್ಕನೇ ಮನೆಯ ಲೀದಿಯವ್ವ. ಮೇಲಿನಿಂದ ಏನೂ ಬಾರದೆ ಆಕೆಯ ಮೊಣಕಾಲು ಬಾತುಕೊಂಡೇ ಇತ್ತು. "ಮಾಸ್ತರ, ನಂಬಿಕಿ ನೀವ ಇಟಗೋರಿ, ನನಗ ಬ್ಯಾಡ. ಬಾಯಿಲೆ ಎರಡ ಮಾತ ಅಂದ್ರ ಏನ್ ಗಂಟ ಹೋಗ್ತೈತಿ?" ಎಂದು ಗೋಡೆಯಾಚೆಯಿಂದ ಕೂಗುತ್ತಿದ್ದಳು. ನನಗೆ ಮಾತ್ರ ಮೇಲಿನಿಂದ ಧಾರಾಳವಾಗಿ ಬರುತ್ತಿತ್ತು. ಎರಡನೇ ಮನೆಯ ಹಿರಿಯ ಕೃಪಾನಂದರು ತಮ್ಮ ಬೋಳುತಲೆಗಾಗಿ ಇಪ್ಪತ್ತು ವರ್ಷದಿಂದ ಬೇಡುತ್ತಿದ್ದರು. ಅರವತ್ತೊಂದರಲ್ಲೂ ನನ್ನ ತಲೆಗೆ ಬಾಚಣಿಗೆ ಇಳಿಯುತ್ತಿರಲಿಲ್ಲ. ರವಿವಾರ ಗುಡಿಯಲ್ಲಿ ಅವರು ನನ್ನ ಹಿಂದಿನ ಬೆಂಚಿನಲ್ಲಿ ಕೂತು, ಕಣ್ಣು ಮುಚ್ಚಬೇಕಾದ ಹೊತ್ತಿನಲ್ಲಿ, ನನ್ನ ಕೂದಲು ನೋಡುತ್ತಿದ್ದರು.

ಇನ್ನು ಒಂದನೇ ಮನೆ. ಅದರ ಮೇಲೆ ಗುಡ್ಡ ಬಿಟ್ಟು ಮನೆಯಿರಲಿಲ್ಲ, ಅಂದರೆ ಅಲ್ಲಿಗೆ ಏನೂ ಬರುತ್ತಿರಲಿಲ್ಲ. ಅಲ್ಲಿದ್ದವಳು ಸುವಾರ್ತವ್ವ, ಗುಡಿಯಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುವಾಕೆ. ಅರವತ್ತೆಂಟು ವಯಸ್ಸು, ಎತ್ತರದ ಆಳು, ನನಗೆ ಅಕ್ಕನ ಸಮಾನ. ಐದು ವರ್ಷದಿಂದ ಆಕೆಯ ಬಲಗೈಯ ಉಂಗುರಬೆರಳು, ಕಿರುಬೆರಳು ಎರಡೂ ಅಂಗೈ ಕಡೆಗೆ ಬಾಗಿ ನಿಂತುಬಿಟ್ಟಿದ್ದವು. ಉಳಿದ ಮೂರರಲ್ಲಿ ಬಾರಿಸುತ್ತಿದ್ದಳು. ಬೆರಳಿಗಾಗಿ ಆಕೆ ದಿನಾ ಬೇಡಿದಳು. ಎರಡನೇ ಮನೆಯ ಮಾರ್ಥಾಬಾಯಿ, ಕೃಪಾನಂದರ ಹೆಂಡತಿ, ಗಂಟೆಗೆ ಅರವತ್ತು ಹಪ್ಪಳ ಲಟ್ಟಿಸತೊಡಗಿದಳು.

ಸುವಾರ್ತವ್ವನ ಮನೆಯ ಮೇಲ್ಗಡೆ, ಗುಡ್ಡಕ್ಕೆ ಹತ್ತಿದಂತೆ, ಒಂದು ಪಾಯ ಇತ್ತು. ಎರಡು ಕೋಣೆಯ ಮನೆಗಾಗುವಷ್ಟು ಕಲ್ಲಿನ ಪಾಯ, ಒಳಗೆ ಎಕ್ಕದ ಗಿಡ. ಮೂವತ್ತು ವರ್ಷದ ಹಿಂದೆ ಆಕೆಯ ಗಂಡ ನತಾನಪ್ಪನಿಗೆ ಉಸಿರಿನ ಕಾಯಿಲೆ ಬಂದಾಗ ಸಭೆ ಕೂಡಿ, ಒಂದನೇ ಮನೆಯ ಮೇಲೊಂದು ಮನೆ ಕಟ್ಟಿ ಯಾರನ್ನಾದರೂ ಇಡೋಣ, ಅವರು ನತಾನಪ್ಪನಿಗಾಗಿ ಬೇಡಲಿ ಎಂದು ಠರಾವು ಮಾಡಿತು. ನಾಲ್ಕೇ ದಿನದಲ್ಲಿ ಪಾಯ ಎದ್ದಿತು. ಗಂಡಸರು ಕಲ್ಲು ಹೊತ್ತರು, ಹೆಂಗಸರು ಚುರುಮುರಿ ಹಂಚಿದರು, ಕೀರ್ತನೆ ಹಾಡಿದರು. ಐದನೇ ದಿನ, ಇರುವವರು ಯಾರು ಎಂಬ ಪ್ರಶ್ನೆ ಬಂತು. ಅಲ್ಲಿ ಇರುವವನಿಗೆ ಮೇಲಿನಿಂದ ಏನೂ ಬರುವುದಿಲ್ಲ. ಒಂಬತ್ತು ಮಂದಿಯನ್ನು ಕೇಳಿದರು, ಒಂಬತ್ತು ಕಾರಣ ಬಂದವು, ಒಂಬತ್ತನ್ನೂ ಅಂದಿನ ಕಾರ್ಯದರ್ಶಿ ಪುಸ್ತಕದಲ್ಲಿ ಬರೆದಿಟ್ಟ. ಮೂರನೇ ತಿಂಗಳು ನತಾನಪ್ಪ ತೀರಿಕೊಂಡ. ಗಂಡನ ಉಸಿರಿಗಾಗಿ ಸುವಾರ್ತವ್ವ ಬೇಡಿದ್ದೆಲ್ಲ ಕೆಳಗೆ ಹೋಯಿತು. ದಮ್ಮಿನಿಂದ ಅರ್ಧ ಸತ್ತಿದ್ದ ಕೃಪಾನಂದರ ಅಪ್ಪ ಎದ್ದು ಕೂತು ತೊಂಬತ್ತಾರರವರೆಗೆ ಬದುಕಿದರು.

ಇಷ್ಟನ್ನೆಲ್ಲ ಸಹಿಸಿದ ಹೆಂಗಸು ಕರಿಬೇವಿನ ಮುಂದೆ ಸೋತಳು. ಮೂರು ವರ್ಷ ಆಕೆ ಹಿತ್ತಲಲ್ಲಿ ಕರಿಬೇವಿನ ಸಸಿ ನೆಟ್ಟಳು, ಮೂರು ಸಲ ಸತ್ತಿತು, ಮೂರು ಸಲವೂ ದೇವರಿಗೆ ಹೇಳಿಕೊಂಡಳು. ಮಾರ್ಥಾಬಾಯಿಯ ಹಿತ್ತಲಲ್ಲಿ, ಯಾರೂ ನೆಡದೆ, ಕರಿಬೇವು ಆಳೆತ್ತರ ಎದ್ದಿತು. ಅದನ್ನೂ ಸಹಿಸುತ್ತಿದ್ದಳೇನೋ. ಆದರೆ ಒಂದು ದಿನ ಬೇಲಿಯ ಮೇಲಿಂದ ಕೈ ಚಾಚಿ ಎರಡು ಎಸಳು ಕಿತ್ತಾಗ ಮಾರ್ಥಾಬಾಯಿ ಹೊರಗೆ ಬಂದು, "ಸುವಾರ್ತಕ್ಕ, ಕೇಳಿ ತಗೊಂಡ್ರ ಛಲೋ ಇರ್ತೈತಿ. ಗಿಡ ನಮ್ಮದಲ್ಲಾ?" ಎಂದಳು. ಸುವಾರ್ತವ್ವ ಎಸಳನ್ನು ಅಲ್ಲೇ ಬೇಲಿಯ ಮೇಲಿಟ್ಟು ನೇರ ನನ್ನ ಮನೆಗೆ ಬಂದಳು. "ಮಾಸ್ತರ, ಒಂದ ಅರ್ಜಿ ಬರಿ."

ಮೂರು ರವಿವಾರದ ವಿಚಾರಣೆಯ ವಿವರ ಬೇಡ. ಗಿಡ ನೆಲದವರದು, ಬೇಡಿದವರದಲ್ಲ. ಆದರೂ ಸುವಾರ್ತವ್ವನು ಸೌಮ್ಯವಾಗಿ ಕೇಳಿದಲ್ಲಿ ಮಾರ್ಥಾಬಾಯಿಯವರು ಕ್ರಿಸ್ತೀಯ ಪ್ರೀತಿಯಿಂದ ಎಲೆ ಕೊಡತಕ್ಕದ್ದು. ಹೀಗೆ ತೀರ್ಪಾಯಿತು. ತೀರ್ಪು ಹೇಳಿದವರು ಅಧ್ಯಕ್ಷ ಸ್ಥಾನದಲ್ಲಿದ್ದ ಹಿರಿಯ ಕೃಪಾನಂದರೇ. ಸುವಾರ್ತವ್ವ ಎದ್ದು ನಿಂತಳು.

"ಸೌಮ್ಯ," ಎಂದಳು. "ಭಾಳ ಛಲೋ ಮಾತ. ನನ್ನ ಗಂಡನ ಉಸಿರ ನಿಮ್ಮ ಅಪ್ಪಗ ಕೊಟ್ಟೆ, ಯಾರೂ ಸೌಮ್ಯ ಆಗಿ ಬಂದ ಕೇಳಿರಲಿಲ್ಲ. ನನ್ನ ಬೆರಳ ನಿನ್ನ ಹೆಂಡತಿ ಹಪ್ಪಳಕ್ಕ ಕೊಟ್ಟೆ. ಈಗ ಒಗ್ಗರಣಿಗೆ ಎರಡ ಎಲಿ ಬೇಕಂದ್ರ ನಾ ಸೆರಗ ಒಡ್ಡಬೇಕು. ಕೇಳಿ ಇಟಗೋರಿ ಎಲ್ಲಾರೂ. ಇವತ್ತಿನಿಂದ ಒಂದನೇ ಮನ್ಯಾಗ ಪ್ರಾರ್ಥನಾ ಬಂದ್."

"ಹಂಗ ಅನಬಾರದವಾ," ಎಂದರು ಅಯ್ಯನವರು.

"ಅಯ್ಯನವರ, ನೀವ ಮೀರಾಸಾಬನ ಅಂಗಡಿ ನೋಡಿಕೋರಿ," ಎಂದು ಹೊರಟುಹೋದಳು.

ಬರುವ ರವಿವಾರ ಆಕೆ ಪೇಟಿಗೆ ಬರುವುದಿಲ್ಲವೆಂದು ಎಲ್ಲರೂ ಎಣಿಸಿದ್ದರು. ಕೃಪಾನಂದರು ಕೀರ್ತನೆ ಹಚ್ಚಲು ಸ್ಪೀಕರ್ ಡಬ್ಬಿಯೊಂದನ್ನು ತರಿಸಿಯೂ ಇಟ್ಟಿದ್ದರು. ಆಕೆ ಎಂದಿನಂತೆ ಕಾಲು ಗಂಟೆ ಮೊದಲೇ ಬಂದು, ಡಬ್ಬಿಯನ್ನು ಪೇಟಿಯ ಮೇಲಿಂದ ಎತ್ತಿ ಕೆಳಗಿಟ್ಟು, ಮೂರು ಬೆರಳಲ್ಲಿ ಎಲ್ಲ ಕೀರ್ತನೆ ಬಾರಿಸಿದಳು. ಪ್ರಾರ್ಥನೆಗೆ ಎಲ್ಲರೂ ತಲೆ ಬಗ್ಗಿಸಿದಾಗ ಆಕೆ ತಲೆ ಎತ್ತಿ ಕಿಟಕಿ ನೋಡುತ್ತಿದ್ದಳು. ತಲೆ ಬಗ್ಗಿಸದೆ ಇದ್ದವನು ಇನ್ನೊಬ್ಬ ನಾನು, ಆದ್ದರಿಂದ ನನಗೆ ಗೊತ್ತು.

"ಅಕ್ಕಾ, ನೀನೂ ನನ್ನ ದಾರೀಗೆ ಬಂದ್ಯಲ್ಲಾ," ಎಂದೆ ಹೊರಗೆ ಬಂದ ಮೇಲೆ.

"ನಿನ್ನ ದಾರಿ?" ಎಂದಳು. "ನೀ ದೇವರಿಲ್ಲಂತ ಬಿಟ್ಟಿ. ನಾ ಇದ್ದಾನಂತ ಬಿಟ್ಟೀನಿ. ಇಲ್ಲದಾವನ ಮ್ಯಾಲೆ ಸಿಟ್ಟ ಮಾಡಾಕ ನನಗ ಹುಚ್ಚೇನು?"

ಕರಿಬೇವು ತಿಂಗಳೊಳಗೆ ಹಳದಿಯಾಯಿತು. ಮಾರ್ಥಾಬಾಯಿಯ ಹಪ್ಪಳ ಅಂಚು ಹರಿಯತೊಡಗಿದವು. ಓಣಿ ಇದನ್ನು ಸ್ವಲ್ಪ ಸಂತೋಷದಿಂದಲೇ ನೋಡಿತು. ಆಮೇಲೆ ಸಂತೋಷ ನಿಂತಿತು. ಕೃಪಾನಂದರ ಸೊಸೆ ಜೆಮೀಮಾ ಆರು ತಿಂಗಳ ಬಸುರಿ. ಒಂದು ಬೆಳಿಗ್ಗೆ ರಕ್ತ ಕಾಣಿಸಿತು. ಡಾಕ್ಟರಮ್ಮ ಬಂದು ನೋಡಿ, ಮಂಚದಿಂದ ಇಳಿಸಬೇಡಿ, ಮನೆಯಿಂದ ಕದಲಿಸಬೇಡಿ, ಕೂಸು ನಿಂತರೆ ನಿಂತಿತು ಎಂದು ಹೇಳಿ ಹೋದಳು. ಎರಡನೇ ಮನೆಗಾಗಿ ಬೇಡಬಲ್ಲ ಮನೆ ಓಣಿಯಲ್ಲಿ ಒಂದೇ ಒಂದು. ಆ ಮನೆ ಬಾಯಿ ಮುಚ್ಚಿಕೊಂಡಿತ್ತು.

ಕೃಪಾನಂದರು ತಾವೇ ಬೇಡಿದರು. ಇದನ್ನು ನಾನು ಅವರ ಪರವಾಗಿ ಹೇಳಲೇಬೇಕು. ಅದು ಯಾರ ಮನೆಗೆ ಹೋಗುತ್ತದೆಂದು ಗೊತ್ತಿದ್ದೂ, ನೆಲಕ್ಕೆ ಹಣೆ ಹಚ್ಚಿ ಆ ಗಟ್ಟಿ ಮನುಷ್ಯ ಅಳುತ್ತ ಬೇಡುವುದು ನನ್ನ ಅಡುಗೆಮನೆಗೆ ಕೇಳಿಸುತ್ತಿತ್ತು. ಸುಖವಾಗಿ ಹೆರಿಗೆಯಾಗಲಿ, ತಾಯಿ ಮಕ್ಕಳು ಉಳಿಯಲಿ. ಎರಡು ದಿನದ ನಂತರ ನನ್ನ ಬೆಕ್ಕು ಬಟ್ಟೆಯ ಕಪಾಟಿನಲ್ಲಿ ಏಳು ಮರಿ ಹಾಕಿತು. ಒಂದೂ ಸಾಯಲಿಲ್ಲ. ಏಳೂ ದುಂಡಗೆ, ಬೆಣ್ಣೆಯ ಹಾಗೆ ಬೆಳೆದವು. ನಾನು ಜೀವನದಲ್ಲಿ ಬಹಳ ಸಲ ನಕ್ಕಿದ್ದೇನೆ, ಆ ದಿನ ಕಪಾಟಿನ ಬಾಗಿಲು ತೆರೆದು ನಗಲಾಗಲಿಲ್ಲ. ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳಬೇಕಾದರೆ ಆತ ಇದ್ದಾನೆಂದು ಒಪ್ಪಬೇಕಾಗುತ್ತಿತ್ತು, ಆದ್ದರಿಂದ ಬೆಕ್ಕಿಗೆ ಹಾಲು ಹಾಕಿ ಹೊರಗೆ ಬಂದೆ.

ಅದೇ ದಿನ ಮಧ್ಯಾಹ್ನ ಮಾರ್ಥಾಬಾಯಿ ಒಂದನೇ ಮನೆಯ ಮೆಟ್ಟಿಲು ಹತ್ತಿದಳು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ಸುವಾರ್ತವ್ವನಿಗೆ ಪೇಪರ್ ಓದಿ ಹೇಳುತ್ತಿದ್ದೆ. ಮಾರ್ಥಾಬಾಯಿಯ ಕೈಯಲ್ಲಿ ಕರಿಬೇವಿನ ಒಂದು ಇಡೀ ಕೊಂಬೆ ಇತ್ತು, ಅರ್ಧ ಹಳದಿ. ಅದನ್ನು ಹೊಸ್ತಿಲ ಮೇಲಿಟ್ಟಳು.

"ಸುವಾರ್ತಕ್ಕ, ಎಲ್ಲಾ ನೀನ ತಗೋ. ಗಿಡಾನ ತಗೋ."

"ಒಣಗಿದ ಗಿಡ ತಗೊಂಡ ಏನ್ ಮಾಡ್ಲಿ?"

"ತಪ್ಪಾತು ಅಂತೀನಿ."

"ಯಾವ ತಪ್ಪು? ಕರಿಬೇವಿಂದ, ಮೂವತ್ತ ವರ್ಷದ್ದ?"

ಸುವಾರ್ತವ್ವ ಎದ್ದು ಗುಡ್ಡದ ಕಡೆ ಬಲಗೈ ತೋರಿದಳು. ಎರಡು ಬೆರಳು ಬಾಗಿದ ಕೈ, ಆದ್ದರಿಂದ ಅರ್ಧ ತನ್ನನ್ನೇ ತೋರಿಸಿಕೊಂಡ ಹಾಗಿತ್ತು.

"ಆ ಪಾಯಾ ನೋಡು. ನಿನ್ನ ಗಂಡ ಅಲ್ಲಿ ನಿಂತು ಮೊದಲನೇ ಕಲ್ಲ ಇಟ್ಟಾಂವ. ನಾಕ ದಿನ ಹಾಡಿದ್ರಿ. ಆಮ್ಯಾಲ ಒಬ್ಬೊಬ್ಬರ ಹಿಂದ ಸರದ್ರಿ. ನಾನೂ ಹಿಂಗ ಬಾಗಿಲಾ ಬಾಗಿಲಾ ತಿರಗೀನಿ, ಮಾರ್ಥಿ, ನಿನ್ನ ಬಾಗಿಲಿಗೂ ಬಂದಿದ್ದೆ. ಮನಿ ಅದಲಬದಲ ಮಾಡೂಣು ಅಂದೆ, ಆರ ತಿಂಗಳ. ನೀ ಏನಂದಿ? ನಮ್ಮ ಮಾವನೋರಿಗೆ ಹೊಸಾ ಜಾಗಾದಾಗ ನಿದ್ದಿ ಬರೂದಿಲ್ಲ ಅಂದಿ. ನಿದ್ದಿ! ಹೋಗು, ಹೋಗಿ ಸೊಸಿ ಕಾಲ ಒತ್ತು."

ಮಾರ್ಥಾಬಾಯಿ ಹೋದಳು. ಕೊಂಬೆ ಹೊಸ್ತಿಲ ಮೇಲೆ ಉಳಿಯಿತು. ಸುವಾರ್ತವ್ವ ಅದನ್ನು ಒಳಗೂ ಒಯ್ಯಲಿಲ್ಲ, ಎಸೆಯಲೂ ಇಲ್ಲ. ಒಳಗೆ ಹೋಗಿ ಮನೆಯ ಪೇಟಿಯ ಮುಂದೆ ಕೂತು ಬಾರಿಸತೊಡಗಿದಳು, ನಾನೂ ಪೇಪರ್ ಹಿಡಿದು ಒಳಗೆ ಹೋಗಿ ಕೂತೆ. ಜೆಮೀಮಾಳ ಮಂಚ ಇದ್ದದ್ದು ನಡುಗೋಡೆಯ ಆಚೆಗೇ. ಮದುವೆಯಾಗಿ ಬಂದಂದಿನಿಂದ ಆ ಹುಡುಗಿ ಪೇಟಿ ಕೇಳಿದಾಗೆಲ್ಲ ಜೊತೆಗೆ ಗುನುಗುತ್ತಿದ್ದಳು, ಎರಡನೇ ಸಾಲಿನಲ್ಲಿ ಯಾವಾಗಲೂ ಸ್ವರ ತಪ್ಪುತ್ತಿದ್ದಳು, ಸುವಾರ್ತವ್ವ ಯಾವಾಗಲೂ ಗೋಡೆ ಗುದ್ದುತ್ತಿದ್ದಳು. ಆ ಮಧ್ಯಾಹ್ನವೂ ಗೋಡೆಯಾಚೆಯಿಂದ ಗುನುಗು ಬಂತು. ತೀರ ಸಣ್ಣ ದನಿ. ಎರಡನೇ ಸಾಲು ತಪ್ಪಿತು. ಸುವಾರ್ತವ್ವನ ಕೈ ಗುದ್ದಲು ಎದ್ದದ್ದು ಗಾಳಿಯಲ್ಲೇ ನಿಂತಿತು.

"ಇಷ್ಟ ನೋವಿನ್ಯಾಗೂ ತಪ್ಪ ಹಾಡ್ತಾಳ, ಹಾಳಾದಾಕಿ," ಎಂದಳು. ಎತ್ತಿದ ಕೈ ಇಳಿಸಿ, "ಮಾಸ್ತರ, ಬ್ಯಾಡಾದೋರಿಗೂ ಬೇಡಬೇಕು ಅಂತ ಕರ್ತನ ಅಪ್ಪಣಿ ಐತೆಲ್ಲಾ. ಮನಸ್ಸ ಇರಲಿಲ್ಲಂದ್ರೂ ಅದು ನಡೀತೈತೇನು?"

"ಮನಸ್ಸಿಲ್ಲದ ಬೇಡೂದು ಸುಳ್ಳ ಆಗ್ತೈತಲ್ಲಾ ಅಕ್ಕಾ," ಎಂದೆ. ಇಂಥ ಉತ್ತರಗಳು ನನ್ನಲ್ಲಿ ಯಾವಾಗಲೂ ಸಿದ್ಧವಿರುತ್ತವೆ.

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀ ಹಿಂಗ ಹೇಳಕೋತ ಲೀದಿಯವ್ವನ ಮೊಣಕಾಲ ಹಾಳ ಮಾಡಿದಿ. ಮನಸ್ಸ ಶುದ್ಧ ಆಗಲಿ, ಆಮ್ಯಾಲ ಮಾಡ್ತೀನಿ ಅಂತ ಕುಂತಿ, ಕೂದಲಾ ಬಾಚಕೋತ. ನನಗ ಸಿಟ್ಟ ಐತಿ, ಸಂಶಯ ಐತಿ, ಅಂವಾ ನ್ಯಾಯಸ್ಥ ಹೌದೋ ಅಲ್ಲೋ ಅಂತ ಇವತ್ತಿಗೂ ಗೊತ್ತಿಲ್ಲ. ಅಪ್ಪಣಿ ಮಾತ್ರ ಗೊತ್ತೈತಿ. ಏಳು, ಹೊರಗ ನಡಿ. ಇದು ನನ್ನ ಅವನ ನಡುವಿನ ಮಾತು."

ನಾನು ಹೊರಗೆ ಹೋದೆ. ಆದರೆ ಬಾಗಿಲು ತೆರೆದೇ ಇತ್ತು, ಆಕೆಯ ದನಿ ಗುಡಿಯ ಕೊನೆಯ ಬೆಂಚಿಗೆ ಮುಟ್ಟುವ ದನಿ. ನೀರಿಗೆ ಹೊರಟ ಹೆಂಗಸರು ಕೊಡ ಇಳಿಸಿ ನಿಂತರು. ಇಡೀ ಓಣಿ ಕೇಳಿತು.

"ಕರ್ತನೇ, ನಾ ಸುವಾರ್ತಿ, ಒಂದನೇ ಮನ್ಯಾಕಿ. ಎರಡ ತಿಂಗಳಾತು ನಿನ್ನ ಜೋಡಿ ಮಾತ ಬಿಟ್ಟು. ನೀನೂ ಏನ್ ಕರ್ಯಾಕ ಬರಲಿಲ್ಲ, ಬಿಡು. ಮೊದಲ ಹೇಳ್ತೀನಿ, ನನಗ ಮನಸ್ಸಿಲ್ಲ. ಆಮ್ಯಾಲ ಸುಳ್ಳ ಹೇಳಿದ್ಲು ಅನಬ್ಯಾಡ. ನತಾನಗ ಉಸಿರ ಬೇಡಿದೆ, ಬಾಜೂ ಮನಿ ಮುದುಕಗ ಕೊಟ್ಟಿ. ಆ ಮುದುಕ ಅದ ಉಸಿರಿಲೆ ನನ್ನ ಬಾಗಿಲಾ ಮುಂದ ಇಪ್ಪತ್ತ ವರ್ಷ ಕೆಮ್ಮಿ ಉಗುಳ್ಯಾನ. ಬೆರಳ ಬೇಡಿದೆ, ಹಪ್ಪಳಾ ಆತು. ನಿನಗ ಮನಿ ನಂಬರ ಓದಾಕ ಬರೂದಿಲ್ಲೇನು? ಯಾರೂ ಇಲ್ಲೇನು ನಿನಗ ಕಲಿಸಾಕ? ಇರಲಿ. ಅಪ್ಪಣಿ ಕೊಟ್ಟಾಂವ ನೀ, ಮಾಡಾಕಿ ನಾ. ಗ್ವಾಡಿ ಆಚೆ ಆ ಹುಡುಗಿ ಬಿದ್ದೈತಿ. ಆಕಿ ನನಗ ಏನೂ ಮಾಡಿಲ್ಲ, ಸ್ವರ ತಪ್ಪಿದ್ದೊಂದ ಬಿಟ್ರ. ಆಕಿ ಕೂಸು ನಿಂದರಲಿ. ತಿಂಗಳ ತುಂಬಲಿ. ತಾಯೀನೂ ಉಳೀಲಿ. ಅತ್ತಿ ಬಗ್ಗೆ ಇವತ್ತ ಏನೂ ಕೇಳೂದಿಲ್ಲ. ನಾಳೆ ಇದ ಹೊತ್ತಿಗೆ ಮತ್ತ ಬರ್ತೀನಿ. ಸಿಟ್ಟ ಹಂಗ ಐತಿ. ಆಮೆನ್."

ಕೊಡ ಇಳಿಸಿ ನಿಂತಿದ್ದ ಲೀದಿಯವ್ವ, "ಆಮೆನ್" ಎಂದುಬಿಟ್ಟಳು, ಅಭ್ಯಾಸಬಲದಿಂದ.

ಮೂರು ತಿಂಗಳು ದಿನ ತಪ್ಪಲಿಲ್ಲ. ಊಟವಾದ ಮೇಲೆ, ಪಾತ್ರೆ ತೊಳೆಯುವ ಮೊದಲು, ಸುವಾರ್ತವ್ವ ದೇವರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಒಂದೊಂದು ದಿನ ಬೈಗುಳವೇ ಉದ್ದ, ಬೇಡಿಕೆ ಒಂದು ಸಾಲು. ಒಂದು ದಿನ, "ಇವತ್ತ ನೀ ಇದ್ದೀ ಅಂತ ನನಗ ಅನಸವಲ್ದು, ಆದ್ರೂ ಬಂದೀನಿ ನೋಡು, ನಿನಗಿಂತ ನಾ ವಾಸಿ," ಎಂದದ್ದು ಕೇಳಿಸಿತು. ನಾನು ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದೆ. ಪೇಪರ್ ಓದುವುದಕ್ಕಾಗಿ ಬಂದಿದ್ದೇನೆಂದು ಹೇಳುತ್ತಿದ್ದೆ. ರಕ್ತ ನಿಂತಿತು. ಗುನುಗು ಜೋರಾಯಿತು, ತಪ್ಪೂ ಜೋರಾಯಿತು. ಒಂಬತ್ತು ತಿಂಗಳು ತುಂಬಿ ಒಂದು ಮಂಗಳವಾರ ಹೆಣ್ಣು ಕೂಸು ಹುಟ್ಟಿತು. ಡಾಕ್ಟರಮ್ಮ ಕೈ ತೊಳೆಯುತ್ತ ತಲೆ ಅಲ್ಲಾಡಿಸಿದಳು.

ಬಂದ ರವಿವಾರ ಸಭೆ ಕೂಡಿತು, ಸ್ತೋತ್ರದ ಠರಾವಿಗಾಗಿ. ಕೃಪಾನಂದರು ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡು ಹೇಳಿ ಬರೆಸಿದರು: "ಹಿರಿಯ ಕೃಪಾನಂದರ ಮನೆತನದ ಅಚಲ ವಿಶ್ವಾಸಕ್ಕೆ ದೇವರು ಅನುಗ್ರಹಿಸಿದ ಫಲಕ್ಕಾಗಿ ಈ ಸಭೆಯು..."

ನಾನು ಅಚಲ ಎಂಬಲ್ಲಿಯವರೆಗೆ ಬರೆದೆ. ದುಂಡಗಿನ ಅಕ್ಷರ. ನಂತರ ಪೆನ್ನು ಕೆಳಗಿಟ್ಟೆ.

"ಬರೀರಿ ಮಾಸ್ತರ," ಎಂದರು.

"ನಿಮ್ಮ ವಿಶ್ವಾಸದ ಫಲ ನನ್ನ ಕಪಾಟಿನ್ಯಾಗ ಐತಿ ಹಿರಿಯರ. ಏಳ ಬೆಕ್ಕಿನ ಮರಿ. ಬೇಕಾದ್ರ ಬಂದ ಒಯ್ಯಿರಿ."

ಯಾರೋ ಹಿಂದೆ ನಕ್ಕರು. ನಾನು ನಗುತ್ತಿರಲಿಲ್ಲ. ಸುವಾರ್ತವ್ವ ಪೇಟಿಯ ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ಕೂತಿದ್ದಳು, ಆಕೆಯ ಹೆಸರು ಠರಾವಿನಲ್ಲಿ ಬರುವುದೆಂದು ಆಕೆ ಎಣಿಸಿಯೂ ಇರಲಿಲ್ಲ. ಅದೇ ನನ್ನನ್ನು ಕೆರಳಿಸಿತು. ನಾನು ಪುಸ್ತಕದ ಹಳೆಯ ಹಾಳೆಗಳನ್ನು ಹಿಂದಕ್ಕೆ ತಿರುವಿದೆ, ಮೂವತ್ತು ವರ್ಷದಷ್ಟು ಹಿಂದಕ್ಕೆ, ಮತ್ತು ಓದಿದೆ. "ಒಂದನೇ ಮನೆಯ ಮೇಲೆ ಕಟ್ಟುವ ಮನೆಯಲ್ಲಿ ವಾಸಿಸಲು ಕೇಳಲಾಗಿ, ಕೆಳಕಂಡವರು ಈ ಕೆಳಕಂಡ ಕಾರಣಗಳಿಂದ ಒಪ್ಪಲಿಲ್ಲ. ಒಬ್ಬರು, ಗುಡ್ಡದ ಗಾಳಿ ಆಗದು. ಒಬ್ಬರು, ಹಾವಿನ ಭಯ. ಒಬ್ಬರು, ಬಾವಿ ದೂರ. ಕೃಪಾನಂದ, ತಂದೆಯ ಆರೈಕೆ." ಓದುತ್ತ ಹೋದೆ. ಬದುಕಿದ್ದವರು ನೆಲ ನೋಡಿದರು, ಸ್ವರ್ಗಕ್ಕೆ ಹೋದವರ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಎಂಟು ಕಾರಣ ಮುಗಿದವು. ಒಂಬತ್ತನೆಯದನ್ನು ಓದುವ ಮುಂಚೆ ನಾನು ಕನ್ನಡಕ ತೆಗೆದು ಒರೆಸಿದೆ.

"ಎಫ್ರಾಯಿಮ, ಶಾಲಾ ಶಿಕ್ಷಕ, ಅವಿವಾಹಿತ. ಶಾಲೆಗೆ ದೂರವಾಗುತ್ತದೆ."

ಮೂರನೇ ಮನೆಯಿಂದ ಆ ಪಾಯಕ್ಕೆ ತೊಂಬತ್ತು ಹೆಜ್ಜೆ. ಭೂಗೋಳದ ಮಾಸ್ತರನಾದ್ದರಿಂದ ಆಗಲೇ ಅಳೆದಿದ್ದೆ.

ಸುವಾರ್ತವ್ವ ಸ್ಟೂಲಿನ ಮೇಲೆ ತಿರುಗಿದಳು. ಈ ಒಂಬತ್ತನೆಯ ಹೆಸರು ಆಕೆಗೆ ಗೊತ್ತಿತ್ತೆಂದು ಆ ಮುಖದಲ್ಲಿ ಕಂಡಿತು. ಮೂವತ್ತು ವರ್ಷ ಆಕೆ ನನ್ನಿಂದ ಪೇಪರ್ ಓದಿಸಿಕೊಂಡದ್ದು ಅದನ್ನು ತಿಳಿದೇ.

"ಈಗ ಶಾಲಿ ಇಲ್ಲ," ಎಂದೆ. "ನಾ ಅಲ್ಲಿಗೆ ಹೋಗ್ತೀನಿ."

"ಮಾಸ್ತರ, ಅಲ್ಲಿ ನಿಮಗ ಏನೂ ಬರೂದಿಲ್ಲಲ್ರೀ," ಎಂದರು ಅಯ್ಯನವರು, ಗಾಬರಿಯಿಂದ.

"ಹೋಗಲಿ ಬಿಡ್ರಿ ಅಯ್ಯನವರ," ಎಂದಳು ಲೀದಿಯವ್ವ, "ಆ ಮೂರನೇ ಮನಿಗೆ ಬಾಯಿ ಇರೋರು ಯಾರಾರ ಬರಲಿ."

ಸುವಾರ್ತವ್ವ ಕೊನೆಗೆ ಮಾತಾಡಿದಳು. "ಬಂದ ಸುಮ್ಮ ಕುಂತ್ರ ನಡ್ಯಾಂಗಿಲ್ಲ. ಬೇಡಬೇಕು."

"ನಂಬಿಕಿ ಇಲ್ಲ ಅಕ್ಕಾ."

"ನಾ ನಂಬಿಕಿ ಕೇಳಿದ್ನೇನು? ಬೇಡು ಅಂದೆ."

ಎಕ್ಕದ ಗಿಡ ಕಿತ್ತು ಎರಡು ಕೋಣೆ ಎಬ್ಬಿಸಲು ಏಳು ವಾರ ಹಿಡಿಯಿತು. ಈ ಸಲ ಯಾರೂ ಹಾಡಲಿಲ್ಲ. ಕೃಪಾನಂದರು ಸ್ತೋತ್ರದ ಠರಾವನ್ನು ಮತ್ತೆ ಎತ್ತಲಿಲ್ಲ; ಹೆಂಚು ಬಂದ ದಿನ ತಾವೇ ಏಣಿ ಹಿಡಿದು ನಿಂತರು. ನನ್ನ ಮನೆಗೆ ಜೆಮೀಮಾ, ಅವಳ ಗಂಡ, ಕೂಸು ಬಂದರು. ಅತ್ತೆಯ ಮನೆಯ ಕೆಳಗಿದ್ದರೂ ಬೇರೆ ಒಲೆ ಎಂಬ ಸಮಾಧಾನ ಆ ಹುಡುಗಿಗೆ. ಏಳು ಮರಿಗಳಲ್ಲಿ ಎರಡನ್ನು ಮೀರಾಸಾಬ ಒಯ್ದ.

ಮೊದಲ ದಿನ ಹೊಸ ಒಲೆಯ ಮೇಲೆ ಅನ್ನ ಮಾಡಿ ಉಂಡು, ಕದ ಹಾಕಿ, ಕಿಟಕಿಯನ್ನೂ ಹಾಕಿ, ಮೊಣಕಾಲೂರಿದೆ. ಬಹಳ ಹೊತ್ತು ಏನೂ ತೋಚಲಿಲ್ಲ. ಕಡೆಗೆ, ಕಂಡರಿಯದ ಅಧಿಕಾರಿಗೆ ಅರ್ಜಿ ಬರೆಯುವ ಹಾಗೆ, "ಕರ್ತನೇ, ನೀನು ಇದ್ದರೆ," ಎಂದು ಶುರು ಮಾಡಿದೆ. ಸುವಾರ್ತವ್ವನ ಬಲಗೈ, ಉಂಗುರಬೆರಳು, ಕಿರುಬೆರಳು. ಸಂಶಯಕ್ಕೆ ಎಡೆಯಿರದಂತೆ ಮನೆಯ ನಂಬರೂ ಹೇಳಿದೆ. ಕೆಳಗಿನಿಂದ ಗೋಡೆ ಗುದ್ದಿದ ಸದ್ದು ಬಂತು. "ಕೇಳವಲ್ದು, ಜೋರಾಗಿ!"

ಹದಿನಾಲ್ಕು ತಿಂಗಳಾಯಿತು. ದಿನ ತಪ್ಪಿಸಿಲ್ಲ. ಒಂದೊಂದು ದಿನ ಗೋಡೆಗೆ ಮಾತಾಡಿದ ಹಾಗೆ ಇರುತ್ತದೆ, ಒಂದೊಂದು ದಿನ ಗೋಡೆ ಕೇಳಿಸಿಕೊಳ್ಳುವ ಹಾಗೆ. ಈಚೆಗೆ "ಇದ್ದರೆ" ಎಂಬ ಮಾತು ಹೇಳಲು ಮರೆಯುತ್ತಿದ್ದೇನೆ. ವಯಸ್ಸಿನ ಮರೆವೂ ಇರಬಹುದು. ಕೃಪಾನಂದರು ಇನ್ನೂ ಕೂದಲಿಗಾಗಿ ಬೇಡುತ್ತಾರೆ, ಮೊಮ್ಮಗಳ ತಲೆಗೆ ಎಣ್ಣೆ ಸಾಲುವುದಿಲ್ಲವಂತೆ. ಲೀದಿಯವ್ವ ಎರಡು ಕೊಡ ಹೊರುತ್ತಾಳೆ. ಕರಿಬೇವು ಚಿಗುರಿದೆ, ದಿನಾ ಬೆಳಿಗ್ಗೆ ಎರಡು ಎಸಳು ಒಂದನೇ ಮನೆಯ ಹೊಸ್ತಿಲ ಮೇಲಿರುತ್ತವೆ, ಇಟ್ಟವರೂ ಮಾತಾಡುವುದಿಲ್ಲ, ತೆಗೆದುಕೊಂಡವರೂ ಮಾತಾಡುವುದಿಲ್ಲ. ನನ್ನ ತಲೆ ಬೋಳಾಗಿದೆ. ಸುವಾರ್ತವ್ವನ ಉಂಗುರಬೆರಳು ನೆಟ್ಟಗಾಗಿದೆ. ಕಿರುಬೆರಳು ಆಗಿಲ್ಲ.